ಗೋಡೆಗಿಂತ ಎತ್ತರದ ಕೋಣೆ

ನುಸಯ್ಬಿನ್ ಪಟ್ಟಣದ ಪಕ್ಕದ ಆ ಹಳ್ಳಿಯನ್ನು ರೈಲು ಹಳಿ ಎರಡಾಗಿ ಸೀಳಿತ್ತು. ಮೇಲ್ಗಡೆ ತುರ್ಕಿ, ಕೆಳಗಡೆ ಸಿರಿಯಾ. ಮೇಲ್ಗಡೆ ವಿಧವೆ ಬೆಸ್ನಾ, ಕೆಳಗಡೆ ಅವಳ ತಮ್ಮ ಸೆಬ್ರಿ. ಮಗನನ್ನು ನೋಡಲು ಹೋದ ತಾಯಿ ಅಲ್ಲೇ ತೀರಿಕೊಂಡಾಗ, ಅಕ್ಕನಿಗೆ ಗಡಿ ದಾಟುವ ಪರವಾನಗಿ ಸಿಗುವವರೆಗೂ ಕಾಯದೆ ಸೆಬ್ರಿ ಮಣ್ಣು ಮಾಡಿಬಿಟ್ಟಿದ್ದ. ಅಂದಿನಿಂದ ಪ್ರತಿ ಈದ್‌ಗೂ ಬೆಸ್ನಾ ಹಳಿಯಂಚಿನ ಮುಳ್ಳುತಂತಿಯ ಬಳಿ ನಿಂತು ಅವನ ಜನ್ಮ ಜಾಲಾಡುತ್ತಿದ್ದಳು. ಅವನೂ ಬಿಡುತ್ತಿರಲಿಲ್ಲ.

ಆಮೇಲೆ ತಂತಿಯ ಜಾಗಕ್ಕೆ ಎರಡಾಳೆತ್ತರದ ಕಾಂಕ್ರೀಟ್ ಗೋಡೆ ಬಂತು. ಆ ಈದ್‌ಗೆ ಬೆಸ್ನಾ ಕೂಗಿದ್ದೆಲ್ಲ ಗೋಡೆಗೆ ಬಡಿದು ಅವಳ ಕಿವಿಗೇ ವಾಪಸಾಯಿತು.

ಗಾರೆ ಕೆಲಸದ ಫರ್ಮಾನ್‌ನನ್ನು ಕರೆಸಿದಳು. "ಮಾಳಿಗೆ ಮೇಲೊಂದು ಕೋಣೆ ಎಬ್ಬಿಸು. ಕಿಟಕಿಯಿಂದ ಗೋಡೆಯಾಚೆ ಕಾಣ್ಬೇಕು."

"ಒಂಟಿ ಹೆಂಗ್ಸಿಗೆ ಎಷ್ಟು ಕೋಣೆ ಬೇಕು, ಚಿಕ್ಕಮ್ಮಾ?"

"ಇದು ಇರೋಕಲ್ಲಪ್ಪ, ಜಗಳ ಆಡೋಕೆ."

ಕೋಣೆ ಎದ್ದಿತು. ಕಿಟಕಿ ತೆರೆದರೆ ಎದುರಿಗೇ ತಮ್ಮನ ಮನೆ, ಹಿತ್ತಲಾಚೆ ಗೋರಿಗಳು. ಸೆಬ್ರಿ ಒಂದು ಗೋರಿಗೆ ನೀರು ಚಿಮುಕಿಸುತ್ತಿದ್ದ. ಅಮ್ಮನದು ಯಾವುದೆಂದು ಅವಳು ನೋಡಿದ್ದು ಅದೇ ಮೊದಲು. ಬಾಯಿಂದ ಬಂದದ್ದು ಮಾತ್ರ ಬೈಗುಳ.

"ಲೋ ಕಳ್ಳಾ! ಅಮ್ಮನ್ನ ಕದ್ಬಿಟ್ಟು ಈಗ ನೀರು ಹಾಕಿ ಒಳ್ಳೇವ್ನಾಗ್ತೀಯಾ?"

ಸೆಬ್ರಿ ತಲೆಯೆತ್ತಿದ. "ಓಹೋ, ಗೂಬೆ ಮಾಳಿಗೆ ಹತ್ತಿದ್ಯಾ! ಅಷ್ಟು ಉರಿ ಇದ್ರೆ ಬಂದು ನೀನೇ ಹಾಕು!"

"ಸಾಯೋವಾಗ ನನ್ನ ಹೆಸರು ಕರೆದ್ಲೇನೋ?"

ಅವನು ಉಳಿದ ನೀರನ್ನು ಗೋರಿಯ ಮೇಲೆ ಸುರಿದ. "ಹೇಳಲ್ಲ, ಹೋಗು! ಕೊರಗು!"

ದಿನವೂ ಅವಳು ಅದನ್ನೇ ಕೇಳಿದಳು. ದಿನವೂ ಅವನು ಬೆನ್ನು ತಿರುಗಿಸಿ ನಡೆದ.

ಕೊನೆಗೆ ಸೈನಿಕರು ಕಟ್ಟಡ ಕೆಡವುವ ಯಂತ್ರದೊಂದಿಗೆ ಬಂದರು. "ಇಲ್ಲಿ ಗೋಡೆಗಿಂತ ಎತ್ತರ ಏನೂ ಇರಬಾರದು," ಎಂದ ಅಧಿಕಾರಿ.

"ನಿನ್ನ ಗೋಡೆ ಬರೋಕ್ಮುಂಚೆ ನನ್ನ ಮನೆ ಇತ್ತು. ಗೋಡೇನೇ ತಗ್ಗಿಸು, ಹೋಗು!"

ಬಾಗಿಲು ಹಿಡಿದುಕೊಂಡಿದ್ದವಳನ್ನು ಎಳೆದು ಅಂಗಳಕ್ಕೆ ತಳ್ಳಿದರು. ಕೋಣೆ ಕುಸಿಯುತ್ತಿದ್ದಾಗ ಗೋಡೆಯಾಚೆಯ ಹಿಪ್ಪುನೇರಳೆ ಮರದ ತುದಿಯಲ್ಲಿ ಸೆಬ್ರಿಯ ತಲೆ ಕಂಡಿತು.

"ಅಕ್ಕಾ! ಕರೆದ್ಲು ಕಣೇ! ಕೊನೇವರೆಗೂ ನಿನ್ನನ್ನೇ ಕರೀತಿದ್ಲು!"

ಬೆಸ್ನಾ ಬಾಯೊಳಗಿನ ಧೂಳು ಉಗಿದಳು. "ಇಷ್ಟು ದಿನ ಯಾಕೆ ಮುಚ್ಚಿಟ್ಟೆಯೋ, ಪಾಪಿ!"

ಅವನು ಕಿವಿಗೆ ಕೈಯಿಟ್ಟು ಬಾಗಿದ. ಯಂತ್ರದ ಸದ್ದಿನಲ್ಲಿ ಅವಳ ಮಾತು ಅವನಿಗೆ ಕೇಳಿಸಿರಲಿಲ್ಲ. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸೈನಿಕನೊಬ್ಬ ಮರದತ್ತ ಬಂದೂಕು ಎತ್ತಿದ. ಸೆಬ್ರಿ ಕೊಂಬೆ ಕೊಂಬೆಯಾಗಿ ಇಳಿದು ಮರೆಯಾದ.