ಪಂದೆಲೆಯ ಗಾಡಿ ಗುಜರಿಗೆ ಹೋದ ಮೇಲೆ

ಸವೇತಾಳ ಹೊಸ ಕಾರು ಸದ್ದು ಮಾಡುತ್ತಿರಲಿಲ್ಲ. ಬೇಸಿಗೆಯಲ್ಲಿ ಕೊಂಡದ್ದು. ಅಂಗಳದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜು ಮಾಡಿಕೊಂಡರೆ ನೆಹೋಯು ಪೇಟೆಗೆ ಹೋಗಿ ಬರಲು ಧಾರಾಳವಾಗಿ ಸಾಕಾಗುತ್ತಿತ್ತು. ಒಳಗೆ ಪೆಟ್ರೋಲಿನ ಎಂಜಿನ್ನೂ ಒಂದಿತ್ತು, ಆದರೆ ಅದಕ್ಕೆ ಕೆಲಸವೇ ಬಿದ್ದಿರಲಿಲ್ಲ. ಕಾರು ಹಿಂದಿನಿಂದ ಬಂದು ನಿಂತರೂ ಬೀದಿಯ ಕೋಳಿಗಳು ತಲೆ ಎತ್ತುತ್ತಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ ಮೊದಲ ಸಲ ಹೆಪ್ಪುಗಟ್ಟಿದ್ದ ದಿನ, ಸ್ಮಶಾನದ ಕೆಳಗಿನ ತಿರುವಿನಲ್ಲಿ ಆ ಎಂಜಿನ್ ತಾನಾಗಿಯೇ ಶುರುವಾಯಿತು. ಮೊದಲು ಸಣ್ಣ ನಡುಕ. ಆಮೇಲೆ ಗೊಗ್ಗರು ದನಿ, ನಿದ್ದೆಯಿಂದ ಎದ್ದ ಗಂಡಸು ಗಂಟಲು ಸರಿಮಾಡಿಕೊಳ್ಳುವ ಹಾಗೆ. ಸವೇತಾ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಏರು ಹತ್ತಿ ಸ್ಮಶಾನದ ಗೇಟು ದಾಟುತ್ತಿದ್ದಂತೆ ಎಂಜಿನ್ ಬಂದ ಹಾಗೆಯೇ ಸುಮ್ಮನಾಯಿತು.

ಅದೇ ತಿರುವಿನಲ್ಲಿ ಅವಳ ಗಂಡ ಪಂದೆಲೆ ತನ್ನ ಹಳೆಯ ದಾಚಿಯಾ ಗಾಡಿಯನ್ನು ಎರಡನೇ ಗೇರಿಗೆ ಇಳಿಸುತ್ತಿದ್ದ. ಗಾಡಿ ಏದುಸಿರು ಬಿಡುವಾಗ ಅದರ ಡ್ಯಾಶ್‌ಬೋರ್ಡು ತಟ್ಟಿ, "ಹತ್ತು ಮುದುಕಿ, ಹತ್ತು. ನಾವಿಬ್ಬರೂ ಇಲ್ಲೇ ಮಲಗೋದು, ಆದ್ರೆ ಇವತ್ತಲ್ಲ" ಅನ್ನುತ್ತಿದ್ದ. ಈಗ ಅವನು ಆ ಗೇಟಿನ ಒಳಗೆ ಮಲಗಿದ್ದ. ಮುದುಕಿ ಮಾತ್ರ ಅಲ್ಲಿರಲಿಲ್ಲ. ಸವೇತಾ ಕಾರು ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಂಡಳು, ಆಮೇಲೆ ಸಾಲದೆನಿಸಿ ಇನ್ನೊಮ್ಮೆ ಮಾಡಿಕೊಂಡಳು.

ಪಂದೆಲೆ ಸಾಯುವ ಮುಂಚೆ ಕೇಳಿದ್ದು ಒಂದೇ, ಹಳೆಯ ಗೆಳೆಯನಿಗಾಗಿ. "ಗಾಡಿ ಇಲಾರಿಗೆ ಕೊಡು. ಪೊಮಾನಾ ಕೊಡು, ಮಾರಬೇಡ." ಸತ್ತವರ ಹೆಸರಿನಲ್ಲಿ ಇಲ್ಲಿ ಕೈಯೆತ್ತಿ ಕೊಟ್ಟದ್ದು ಅಲ್ಲಿ ಸತ್ತವರ ಕೈ ಸೇರುತ್ತದೆ; ಅದನ್ನೇ ಪೊಮಾನಾ ಅನ್ನುವುದು. ನಲವತ್ತನೇ ದಿನ ಅವಳು ಅವನ ಕೋಟು, ಮಂಚ, ಊಟದ ತಟ್ಟೆ, ರೇಡಿಯೋ ಎಲ್ಲವನ್ನೂ ಮೇಣದ ಬತ್ತಿ ಹಚ್ಚಿ, ಬಳೆಯ ಹಾಗೆ ಹೆಣೆದ ಕೊಲಾಕ್ ರೊಟ್ಟಿಯ ಜೊತೆ ಕೊಟ್ಟಿದ್ದಳು. ತೆಗೆದುಕೊಂಡವರೆಲ್ಲ "ಬೊಗ್ದಾಪ್ರೊಸ್ತೆ", ಸತ್ತವರನ್ನು ದೇವರು ಕ್ಷಮಿಸಲಿ, ಅಂದಿದ್ದರು. ಆ ಮಾತು ಬಿದ್ದರೇನೇ ಕೊಟ್ಟದ್ದು ದಾಟಿತು ಅಂತ ಲೆಕ್ಕ. ಗಾಡಿಯೊಂದು ಉಳಿದಿತ್ತು. ಅದರ ಬೀಗದ ಕೈ ಮೇರಿಮಾತೆಯ ಪಟದ ಹಿಂದಿತ್ತು.

ಅಷ್ಟರಲ್ಲಿ ಅಳಿಯ ಚೆಜಾರ್ ಬಂದ.

"ಅತ್ತೆ, ಡಕೋಟ ಗಾಡಿ ಗುಜರಿಗೆ ಹಾಕಿದ್ರೆ ಸರ್ಕಾರ ಹೊಸ ಕಾರಿಗೆ ದುಡ್ಡು ಹಾಕುತ್ತೆ. ಕರೆಂಟಿನ ಕಾರಿಗೆ ಜಾಸ್ತಿ, ಎರಡೂ ಇರೋ ಹೈಬ್ರಿಡ್ಡಿಗೆ ಸ್ವಲ್ಪ ಕಮ್ಮಿ. ನಿಮಗೆ ಹೈಬ್ರಿಡ್ಡೇ ಸರಿ, ನಡುದಾರೀಲಿ ಚಾರ್ಜ್ ಮುಗೀತು ಅಂತ ನನಗೆ ಫೋನ್ ಮಾಡೋದು ತಪ್ಪುತ್ತೆ."

"ಅದು ಇಲಾರಿಗೆ ಅಂತ ಆಗಿದೆ ಕಣಪ್ಪ."

"ಇಲಾರಿಯಣ್ಣನ ಕಣ್ಣಿಗೆ ದನ ಯಾವುದು, ಪಾದ್ರಿ ಯಾವುದು ಗೊತ್ತಾಗಲ್ಲ. ಗಾಡಿ ಕೊಟ್ರೆ ನೆಟ್ಟಗೆ ಬುಜೌ ನದಿಗೇ ಇಳಿಸ್ತಾರೆ. ಆಮೇಲೆ ಅವರ ಪೊಮಾನಾ ಬೇರೆ ಮಾಡ್ಬೇಕು."

ಅವಳು ನಕ್ಕಿದ್ದಳು. ನಕ್ಕಿದ್ದೇ ತಪ್ಪಾಯಿತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೂ ಮನಸ್ಸಿಗೆ ಸಮಾಧಾನವಾಗಲೆಂದು ಗುಜರಿಯ ಅಂಗಳಕ್ಕೆ ಮೇಣದ ಬತ್ತಿಯನ್ನೂ ಕೊಲಾಕನ್ನೂ ತೆಗೆದುಕೊಂಡು ಹೋಗಿದ್ದಳು. ಇಲಾರಿಗೆ ಕೊಟ್ಟರೇನು, ಸರ್ಕಾರಕ್ಕೆ ಕೊಟ್ಟರೇನು, ಕೊಟ್ಟದ್ದು ಕೊಟ್ಟದ್ದೇ ಅಂದುಕೊಂಡು ಬೀಗದ ಕೈಯನ್ನು ಅಲ್ಲಿನವನ ಕೈಗಿಟ್ಟು, "ಪಂದೆಲೆಯ ಆತ್ಮಕ್ಕೆ" ಅಂದಳು. ಅವನು ರೊಟ್ಟಿ ತೆಗೆದುಕೊಂಡು, ಬತ್ತಿ ಊದಿ ಆರಿಸಿ, "ಇಲ್ಲಿ ಪೆಟ್ರೋಲ್ ಇರುತ್ತೆ ಅಮ್ಮ" ಅಂದ. ಬೇಕಾದ ಮಾತು ಅವನ ಬಾಯಿಂದ ಬರಲಿಲ್ಲ. ಹಿಂದೆ ಯಂತ್ರದ ದವಡೆ ಕೆಳಗಿಳಿಯುತ್ತಿತ್ತು. ಅವಳು ನಿಂತು ನೋಡಲಿಲ್ಲ.

ಎಂಜಿನ್ ಶುರುವಾದ ಮರುದಿನ ಪಕ್ಕದ ಮನೆಯ ತುದೋರಾ ಬೇಲಿಗೆ ಒರಗಿ ನಿಂತಳು.

"ನಿನ್ನ ಗಂಡ ಕನಸಿನಲ್ಲಿ ಬಂದಿದ್ದ."

ಸವೇತಾ ಒಗೆದ ಬಟ್ಟೆಯನ್ನು ಬುಟ್ಟಿಗೆ ವಾಪಸು ಹಾಕಿದಳು. "ನಿನ್ನ ಕನಸಿಗೆ ಯಾಕೆ ಬಂದ? ನನ್ನ ಕನಸೇನು ಬಾಗಿಲು ಹಾಕಿತ್ತಾ?"

"ಹೊಟ್ಟೆಕಿಚ್ಚು ಪಡಬೇಡ್ವೇ. ನಾನು ಬಸ್ಸಿನಲ್ಲಿದ್ದೆ. ಅವನು ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ದ, ಶೂ ಕೈಯಲ್ಲಿ ಹಿಡ್ಕೊಂಡು, ಬರಿಗಾಲಲ್ಲಿ. ಕೈ ಎತ್ತಿದ. ಬಸ್ಸು ನಿಲ್ಲಲಿಲ್ಲ."

"ಗಾಡಿ ಕೊಟ್ಟೆನಲ್ಲ. ಬತ್ತಿ ಹಚ್ಚೇ ಕೊಟ್ಟೆ."

"ಕೊಟ್ಟೆ, ಸರಿ. ಬದಲಿಗೆ ಏನು ತಗೊಂಡೆ?" ತುದೋರಾ ಗದ್ದ ಎತ್ತಿ ಅಂಗಳದ ಹೊಸ ಕಾರನ್ನು ತೋರಿಸಿದಳು. "ಕೈಯಲ್ಲಿ ಏನಾದ್ರೂ ತಗೊಂಡ್ರೆ ಅದು ವ್ಯಾಪಾರ, ಪೊಮಾನಾ ಅಲ್ಲ. ಅದೂ ಜಜ್ಜಿ ಹಾಕೋಕೆ ಕೊಟ್ಟೆ. ಸತ್ತವರು ಮೇಲೆ ಹೋಗೋ ದಾರೀಲಿ ಒಂದು ಸುಂಕದ ಕಟ್ಟೆಯಿಂದ ಇನ್ನೊಂದಕ್ಕೆ ಎಷ್ಟು ದೂರ ಇದೆಯೋ, ಆ ನೋಯೋ ಮೊಣಕಾಲು ಇಟ್ಕೊಂಡು ನಡೀಬೇಕು."

ಆ ದಿನದಿಂದ ಸವೇತಾಗೆ ಊಟ ರುಚಿಸಲಿಲ್ಲ. ಚಳಿ ಏರಿದಂತೆ ಎಂಜಿನ್ ದಿನಾ ಬೆಳಿಗ್ಗೆ ಅದೇ ತಿರುವಿನಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಒಂದು ಸಲ ಪಕ್ಕದ ಖಾಲಿ ಸೀಟಿನ ಬೆಲ್ಟು ಕಟ್ಟಿಕೊಳ್ಳಿ ಎಂದು ಕಾರು ಗಂಟೆ ಬಾರಿಸತೊಡಗಿತು. ಸೀಟಿನ ಮೇಲೆ ಕೈಚೀಲವೂ ಇರಲಿಲ್ಲ. ಅವಳು ಆ ಕಡೆ ನೋಡದೆ ಕೈ ಚಾಚಿ ಬೆಲ್ಟು ಎಳೆದು ಸಿಕ್ಕಿಸಿದಳು. ಗಂಟೆ ನಿಂತಿತು. ಪೇಟೆಯವರೆಗೂ ಹಾಗೆಯೇ ಹೋದಳು, ಬೆಲ್ಟು ಕಟ್ಟಿದ ಖಾಲಿ ಸೀಟಿನ ಪಕ್ಕದಲ್ಲಿ.

ಭಾನುವಾರ ಊಟಕ್ಕೆ ಬಂದ ಚೆಜಾರ್ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆ ಬಾಯಿಗಿಡುತ್ತಲೇ ಬಿಡಿಸಿ ಹೇಳಿದ. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಕೂತ ಪೆಟ್ರೋಲು ಹಳಸುತ್ತದೆ, ಅದಕ್ಕೇ ಕಾರು ಆಗಾಗ ತಾನೇ ಸ್ವಲ್ಪ ಉರಿಸಿಕೊಳ್ಳುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೆ, ಏರು ಬಂದರೆ, ಆಗಲೂ ಎಂಜಿನ್ ಬೇಕಾಗುತ್ತದೆ.

"ಆ ಗಂಟೆ?"

"ಹೊಸ ಸೀಟು, ಅತ್ತೆ. ಸೆನ್ಸರ್ ಒಮ್ಮೊಮ್ಮೆ ಹಂಗಾಡುತ್ತೆ."

ಎಲ್ಲಕ್ಕೂ ಅವನ ಹತ್ತಿರ ಉತ್ತರವಿತ್ತು. ಎಲ್ಲವೂ ನಿಜವೇ ಇದ್ದೀತು. ಆದರೆ ಬರಿಗಾಲಲ್ಲಿ ನಡೆಯುವವನ ವಿಷಯ ಅದರಲ್ಲಿ ಇರಲಿಲ್ಲ.

"ಈ ಕಾರನ್ನ ಇಲಾರಿಗೆ ಕೊಟ್ಟುಬಿಡ್ಲಾ?"

ಚೆಜಾರ್ ಚಮಚ ಕೆಳಗಿಟ್ಟ. "ವರ್ಷ ತುಂಬೋವರೆಗೂ ಇನ್ನೊಬ್ಬರ ಹೆಸರಿಗೆ ಮಾಡೋ ಹಾಗಿಲ್ಲ. ಮಾಡಿದ್ರೆ ಸರ್ಕಾರ ಕೊಟ್ಟಿದ್ದನ್ನೆಲ್ಲ ವಾಪಸ್ ಕಿತ್ಕೊಳ್ಳುತ್ತೆ. ಸಹಿ ಹಾಕಿದ್ದೀರಲ್ಲ."

ಅವಳು ಆ ರಾತ್ರಿಯೆಲ್ಲ ಯೋಚಿಸಿದಳು. ವರ್ಷ ತುಂಬುವಷ್ಟರಲ್ಲಿ ಅವನು ಎಲ್ಲಿಯವರೆಗೆ ನಡೆದಿರುತ್ತಾನೋ. ಕಾರು ಕೊಡಲಾಗದು. ಕಾರಿನಲ್ಲಿ ಇನ್ನೇನಿದೆ ಕೊಡಲು? ಬೆಳಗಾಗುತ್ತಲೇ ಹಿಟ್ಟು ನಾದಿ ಕೊಲಾಕ್ ಸುಟ್ಟಳು. ಅದು ಆರುವ ಮುಂಚೆಯೇ ಬಟ್ಟೆಯಲ್ಲಿ ಸುತ್ತಿಕೊಂಡು ಗುಡ್ಡದ ಆಚೆ ಬದಿಯಲ್ಲಿದ್ದ ಇಲಾರಿಯ ಮನೆಗೆ ಹೊರಟಳು.

ಇಲಾರಿ ಪಂದೆಲೆಯ ಜೊತೆ ಮರ ಕೊಯ್ಯುವ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದವನು. ಬೇಲಿಯ ಹತ್ತಿರ ಪ್ಲಮ್ ಎಲೆ ಗುಡಿಸುತ್ತಿದ್ದ. ಅವನ ಹಿಂದೆ ಶೆಡ್ಡಿನ ಬಾಗಿಲು ಅಗಲವಾಗಿ ತೆರೆದಿತ್ತು. ಕೋಳಿಗೂಡನ್ನು ಹೊರಗೆ ಸಾಗಿಸಿ, ನೆಲಕ್ಕೆ ಸಿಮೆಂಟು ಬಳಿದು, ಚಕ್ರಕ್ಕೆ ಅಡ್ಡ ಕೊಡಲು ಮರದ ಎರಡು ತುಂಡು ಇಟ್ಟಿದ್ದ. ಸವೇತಾಳ ಕಣ್ಣು ಅಲ್ಲಿಯೇ ನಿಂತಿತು. ಅವನು ಬಾಗಿಲು ಮುಚ್ಚಲು ಹೋಗಿ ಸುಮ್ಮನಾದ.

"ಕೋಳಿಗಳು ಅಲ್ಲಿ ಮಲಗೋಕೆ ಒಪ್ತಿಲ್ಲ ಅತ್ತಿಗೆ. ಸಿಮೆಂಟು ತಣ್ಣಗಂತೆ."

"ಗಾಡಿ ನಾನು ಗುಜರಿಗೆ ಹಾಕಿದೆ, ಇಲಾರಿ."

"ಊರಿಗೇ ಗೊತ್ತು. ಲಾರಿ ಮೇಲೆ ಹೋಗ್ತಾ ಇದ್ದಾಗ ನಾನೂ ನೋಡಿದೆ. ಕಣ್ಣು ಮಂಜು ಅಂತಾರೆ, ಅದು ಮಾತ್ರ ಚೆನ್ನಾಗಿ ಕಾಣಿಸ್ತು."

ಅವಳಿಗೆ ಬೈಗುಳ ಬಿದ್ದಿದ್ದರೆ ಹಗುರವಾಗುತ್ತಿತ್ತು. "ಅವನು ನಡೀತಿದ್ದಾನಂತೆ. ತುದೋರಾ ನೋಡಿದಳಂತೆ."

ಇಲಾರಿ ಪೊರಕೆಯ ಹಿಡಿಗೆ ಗದ್ದ ಊರಿದ. "ನನಗೆ ಗಾಡಿ ಏನಕ್ಕೆ? ಓಡಿಸೋನಲ್ಲ. ಶೆಡ್ಡಲ್ಲಿ ನಿಲ್ಲಿಸಿ, ಭಾನುವಾರ ಒಳಗೆ ಕೂತು ಒಂದು ಸಿಗರೇಟು ಸೇದೋಣ ಅಂತಿದ್ದೆ. ಅಲ್ಲಿ ಅವನೂ ಕೂತಿರ್ತಿದ್ದ."

"ಸರ್ಕಾರ ಕಾರು ಕೊಡೋಕೆ ಬಿಡ್ತಿಲ್ಲ. ದಾರಿ ಕೊಡ್ತೀನಿ," ಅಂದಳು ಸವೇತಾ. "ನಿನ್ನನ್ನ ಅವನ ಗೋರಿ ತನಕ ಕರ್ಕೊಂಡು ಹೋಗ್ತೀನಿ. ಆ ಸವಾರಿ ಪೊಮಾನಾ. ಬದಲಿಗೆ ಏನೂ ತಗೊಳ್ಳಲ್ಲ, ಒಂದು ಗ್ಲಾಸು ನೀರೂ ಬೇಡ. ದಾಟುತ್ತೋ ಇಲ್ಲವೋ ನನಗೂ ಗೊತ್ತಿಲ್ಲ."

ಅವನು ಪೊರಕೆಯನ್ನು ಬೇಲಿಗೆ ಒರಗಿಸಿದ. ಆಮೇಲೆ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದ, ಚರ್ಚಿಗೆ ಹೋಗುವಾಗಿನ ಟೋಪಿ. ಸವೇತಾ ಕಾರಿನ ಮುಂದಿನ ಬಾಗಿಲು ತೆರೆದಳು. ಅವನು ಅದನ್ನು ಮೆಲ್ಲಗೆ ಮುಚ್ಚಿ ಹಿಂದಿನ ಸೀಟಿಗೆ ಹತ್ತಿದ.

"ಮುಂದೆ ಕೂತ್ಕೊ, ಇಲಾರಿ."

"ಮುಂದೆ ಜಾಗ ಇಲ್ಲ," ಅಂದ.

ಅವಳು ಬತ್ತಿ ಹಚ್ಚಿ, ಕೊಲಾಕಿನ ನಡುವೆ ನಿಲ್ಲಿಸಿ ಅವನ ಕೈಗೆ ಕೊಟ್ಟಳು. "ಸೀಟು ಸುಡಬೇಡ, ಚೆಜಾರ್ ನನ್ನನ್ನ ಗುಜರಿಗೆ ಹಾಕ್ತಾನೆ."

"ನಿನಗೆ ಸರ್ಕಾರ ಏನು ಕೊಡುತ್ತೋ ಪಾಪ," ಅಂದ ಇಲಾರಿ. ಇಬ್ಬರಿಗೂ ನಗು ಬಂತು. ನಗು ಬೇಗ ಮುಗಿಯಿತು.

ಕಾರು ಸದ್ದಿಲ್ಲದೆ ಸೇತುವೆ ದಾಟಿತು. ಕನ್ನಡಿಯಲ್ಲಿ ಬತ್ತಿಯ ಕುಡಿ, ಅದರ ಹಿಂದೆ ಇಲಾರಿಯ ಮುಖ. ತಿರುವು ಹತ್ತಿರವಾದಂತೆ ಸವೇತಾ ವೇಗ ಇಳಿಸಿದಳು. ಪಕ್ಕದ ಸೀಟು ಗಂಟೆ ಬಾರಿಸಲಿಲ್ಲ. ಬೆಲ್ಟನ್ನು ಅವಳು ಹೊರಡುವಾಗಲೇ ಕಟ್ಟಿದ್ದಳು. ಇಲ್ಲಿ ಪಂದೆಲೆಯ ಎರಡನೇ ಗೇರು. ಇಲ್ಲಿ ಆ ನಡುಕ ಬರಬೇಕು. ಅವಳು ಕಾದಳು.

ನಡುಕ ಬರಲಿಲ್ಲ. ಕಾರು ನೀರಿನ ಮೇಲೆ ಹೋದ ಹಾಗೆ ಏರು ಹತ್ತಿ ಗೇಟಿನ ಮುಂದೆ ನಿಂತಿತು.

ಇಲಾರಿ ಇಳಿದು, ಬತ್ತಿ ಆರದಂತೆ ಗಾಳಿಗೆ ಅಂಗೈ ಅಡ್ಡ ಹಿಡಿದು, ಬಗ್ಗಿ ಮುಂದಿನ ಕಿಟಕಿಯೊಳಗೆ ನೋಡಿದ. ಅವಳನ್ನಲ್ಲ, ಪಕ್ಕದ ಸೀಟನ್ನು. "ಬೊಗ್ದಾಪ್ರೊಸ್ತೆ," ಅಂದ. ಆಮೇಲೆ ಅವಳಿಗೆ, "ವಾಪಸ್ ನಾನು ನಡ್ಕೊಂಡು ಹೋಗ್ತೀನಿ ಅತ್ತಿಗೆ. ಅವನ ಹತ್ರ ಸ್ವಲ್ಪ ಕೂರ್ಬೇಕು."

ಮಧ್ಯಾಹ್ನದವರೆಗೂ ಸವೇತಾಳ ಎದೆ ಹಗುರವಾಗಿತ್ತು. ಮರುದಿನ ಹುಲ್ಲು ಮತ್ತೆ ಬೆಳ್ಳಗಾಗಿತ್ತು. ಅವಳು ಹೀಟರ್ ಹಾಕಿಕೊಂಡೇ ಪೇಟೆಗೆ ಹೊರಟಳು. ತಿರುವಿನಲ್ಲಿ ಎಂಜಿನ್ನಿನ ಸದ್ದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತುದೋರಾಳನ್ನು ಕೇಳಿದರೆ ಕನಸಿಗೆ ಯಾರೂ ಬಂದಿಲ್ಲ, ಬರೀ ಬಸ್ಸು, ಅದೂ ಖಾಲಿ ಅಂದಳು.

ಅಂದರೆ ಅವನಿಗೆ ಗಾಡಿ ಸಿಕ್ಕಿದೆ. ಅವಳು ಬಯಸಿದ್ದೂ ಅದೇ.

ಆ ವಾರದ ಕೊನೆಯಲ್ಲಿ ಪೇಟೆಗೆ ಹೋಗುವಾಗ ಸವೇತಾ ತಿರುವಿಗೆ ಮುಂಚೆ ಕಾರನ್ನು ಬದಿಗೆ ನಿಲ್ಲಿಸಿದಳು. ಮೇಲೆ ಸ್ಮಶಾನದ ಶಿಲುಬೆಗಳು ಕಾಣುತ್ತಿದ್ದವು. ಒಳಗೆ ಯಾವ ಸದ್ದೂ ಇರಲಿಲ್ಲ, ತನ್ನ ಉಸಿರಿನದು ಬಿಟ್ಟರೆ. ಪೆಟ್ರೋಲಿಗೆ ಬದಲಾಯಿಸುವ ಗುಂಡಿ ಎಲ್ಲಿದೆ ಎಂದು ಚೆಜಾರ್ ಒಮ್ಮೆ ತೋರಿಸಿದ್ದ. ಅವಳು ಬೆರಳಿನಿಂದ ಹುಡುಕಿ ಅದನ್ನು ಒತ್ತಿದಳು. ಎಂಜಿನ್ ಗಂಟಲು ಸರಿಮಾಡಿಕೊಂಡಿತು.

"ಹತ್ತು ಮುದುಕಿ, ಹತ್ತು," ಅಂದಳು. ಹೇಳಿದ ದನಿ ತನ್ನದೇ ಎಂದು ಚೆನ್ನಾಗಿ ಗೊತ್ತಿದ್ದೂ, ಪಕ್ಕದ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿದಳು.