ನಳಿಕೆಗೆ ಪಲಾತ್ ಕೊಟ್ಟ ತೀರ್ಪು

ಎಲ್ಲಿಗೆ ಹೊರಟಿರಿ? ಕೂತುಕೊಳ್ಳಿ, ಇದೊಂದನ್ನು ಪೂರ್ತಿ ಕೇಳಿ ಹೋಗಿ. ಅರ್ಧ ಕೇಳಿ ಎದ್ದುಬಿಟ್ಟರೆ ವಿಚಿಯನ್‌ಗೆ ತಲೆ ಕೆಟ್ಟಿತ್ತು ಅಂದುಕೊಳ್ಳುತ್ತೀರಿ. ಪೂರ್ತಿ ಕೇಳಿದ ಮೇಲೂ ಹಾಗೇ ಅಂದುಕೊಳ್ಳಬಹುದು, ಆದರೆ ಆಗ ಸ್ವಲ್ಪ ಯೋಚನೆ ಮಾಡಿ ಅಂದುಕೊಳ್ಳುತ್ತೀರಿ.

ಸಿಚೊನ್ ಕಡೆಯ ತೆಂಗಿನ ತೋಟಗಳಲ್ಲಿ ಮರ ಹತ್ತುವುದು ಕೋತಿಗಳ ಕೆಲಸ. ಮನುಷ್ಯರು ಕೆಳಗೆ ನಿಂತು ಹಗ್ಗ ಹಿಡಿದು ಕಿರುಚುತ್ತಾರೆ, ಅಷ್ಟೇ. ವಿಚಿಯನ್ ನಲವತ್ತು ವರ್ಷ ಕೋತಿ ಪಳಗಿಸಿದವನು. ಈಗ ಅವನ ಹತ್ತಿರ ಉಳಿದಿದ್ದು ಒಂದೇ ಗಂಡು ಕೋತಿ. ಎರಡೂ ಕೈ ಹಿಂದೆ ಕಟ್ಟಿಕೊಂಡ ಹಾಗೆ ಗತ್ತಿನಿಂದ ಓಡಾಡುತ್ತಿದ್ದರಿಂದ ಊರವರು ಅದಕ್ಕೆ ಪಲಾತ್ ಅಂತ ಹೆಸರಿಟ್ಟಿದ್ದರು. ತಾಲ್ಲೂಕು ಕಚೇರಿಯ ಉಪ ಅಧಿಕಾರಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ. ನಿಜವಾದ ಪಲಾತ್ ಸಾಹೇಬರು ಒಮ್ಮೆ ಊರಿಗೆ ಬಂದಾಗ ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡಿದ ರೀತಿಯನ್ನು ಚಹದಂಗಡಿಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಪಲಾತ್ ಕಾಯಿಯನ್ನು ಎಳೆಯುತ್ತಿರಲಿಲ್ಲ, ತಿರುಗಿಸುತ್ತಿದ್ದ. ಮೊದಲು ಕೈಯಲ್ಲಿ ಹಿಡಿದು ಅರ್ಧ ಸುತ್ತು. ತೊಟ್ಟು ಸಡಿಲ ಅನ್ನಿಸಿದರೆ ಕಾಲನ್ನೂ ಕೊಟ್ಟು ಗಿರಗಿರ ತಿರುಗಿಸಿ ಧಡ್ ಅಂತ ಕೆಡವುತ್ತಿದ್ದ. ತೊಟ್ಟು ಗಟ್ಟಿ ಇದ್ದರೆ ಅದು ಇನ್ನೂ ಎಳೆಕಾಯಿ ಅಂತ ಅರ್ಥ, ಮುಖ ತಿರುಗಿಸಿ ಪಕ್ಕದ್ದಕ್ಕೆ ಹೋಗುತ್ತಿದ್ದ. ಆರು ವರ್ಷದಲ್ಲಿ ಒಂದು ಎಳೆಕಾಯಿಯನ್ನೂ ಕೆಡವಿರಲಿಲ್ಲ.

ಅಂಥ ಕೋತಿಯನ್ನು ಪಳಗಿಸಿದ ವಿಚಿಯನ್‌ನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಯವರು ಹೊಕ್ಕುಳ ಪಕ್ಕದಲ್ಲಿ ಚರ್ಮದೊಳಗೆ ತೂರಿಸಿ ಒಂದು ಮೆತ್ತನೆಯ ನಳಿಕೆ ಇಟ್ಟರು. ದಿನಕ್ಕೆ ನಾಲ್ಕು ಸಲ ಅದರೊಳಗಿಂದ ಔಷಧದ ನೀರನ್ನು ಹೊಟ್ಟೆಗೆ ಬಿಡಬೇಕು, ಕೆಲವು ಗಂಟೆ ಬಿಟ್ಟು ಹೊರಗೆ ಹರಿಸಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು. ಹೊರಗೆ ಕಾಣುವುದು ಒಂದು ಗೇಣು ನಳಿಕೆ, ತುದಿಗೊಂದು ಮುಚ್ಚಳ.

ಮನೆಗೆ ಕಳಿಸುವ ದಿನ ನರ್ಸ್ ಸುಪಾವದಿ ಪಾಠ ಹೇಳಿಕೊಟ್ಟಳು. ವಿಚಿಯನ್‌ಗೆ ಒಂದೇ ಅನುಮಾನ.

"ಅಲ್ಲ ಮಗಳೇ, ಇದನ್ನ ಒಳಗೆ ಹಿಡ್ಕೊಂಡಿರೋದು ಏನು? ಮೊಳೆನಾ, ಗಂಟಾ?"

"ಎರಡೂ ಇಲ್ಲ ದೊಡ್ಡಪ್ಪ. ಚರ್ಮದ ಕೆಳಗೆ ಪೈಪಿಗೆ ಮಕಮಲ್ ಥರದ ಬಟ್ಟೆ ಪಟ್ಟಿ ಸುತ್ತಿದ್ದಾರೆ. ನಿಮ್ಮ ಮಾಂಸ ನಿಧಾನಕ್ಕೆ ಆ ಎಳೆಗಳೊಳಗೆ ಬೆಳ್ಕೊಂಡು ಹೋಗಿ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ನಾರಿನೊಳಗೆ ಬೇರು ಇಳಿಯುತ್ತಲ್ಲ, ಹಾಗೆ."

"ಹಿಡ್ಕೊಳ್ಳಲ್ಲ ಅಂದ್ರೆ?"

"ಹಿಡ್ಕೊಳ್ಳುತ್ತೆ. ಆರು ವಾರ ಬಿಡಿ. ಅಲ್ಲೀವರೆಗೆ ಎಳೀಬಾರದು, ಜಗ್ಗಬಾರದು, ತಿರುಚಬಾರದು. ಜಗ್ಗಿದ್ರೆ ಒಳಗೆ ಹರಿಯುತ್ತೆ, ಕೀವಾಗುತ್ತೆ, ಪೈಪು ತೆಗೀಬೇಕಾಗುತ್ತೆ. ಆಮೇಲೆ ವಾರಕ್ಕೆ ಮೂರು ದಿನ ಇಲ್ಲಿಗೇ ಬಂದು ಮೆಷಿನ್ನಿಗೆ ಮಲ್ಕೋಬೇಕು." ಅವಳು ಚೀಟಿ ನೋಡಿದಳು. "ಮನೇಲಿ ಸಾಕುಪ್ರಾಣಿ ಏನಾದ್ರೂ ಇದ್ಯಾ?"

ವಿಚಿಯನ್ ಹೆಂಡತಿಯ ಮುಖ ನೋಡಿದ. ಹೆಂಡತಿ ಸಮ್ನಿಯಂಗ್ ಚಾವಣಿ ನೋಡಿದಳು.

"ಒಂದು ಕೋತಿ ಇದೆ," ಅಂದ.

"ಕೋತಿ. ಏನು ಮಾಡುತ್ತೆ ಅದು?"

"ನೇತಾಡೋದನ್ನೆಲ್ಲ ತಿರುಗ್ಸುತ್ತೆ."

ಸುಪಾವದಿ ಪೆನ್ನು ಕೆಳಗಿಟ್ಟಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: ಆರು ವಾರ ಕೋತಿ ಹತ್ತಿರ ಸುಳಿಯಬಾರದು. ಆರನೇ ವಾರ ತಾನೇ ಮನೆಗೆ ಬಂದು ನೋಡುತ್ತೇನೆ. ಮನೆ ಸರಿ ಇದೆ ಅಂತ ತಾನು ಬರೆದರೆ ಮನೆ ಚಿಕಿತ್ಸೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮೆಷಿನ್ನು.

ಮೆಷಿನ್ನು ಅಂದರೆ ವಾರದಲ್ಲಿ ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ವಿಚಿಯನ್ ಊರಲ್ಲಿರುವುದಿಲ್ಲ. ಹಾಗಾದರೆ ಪಲಾತ್‌ನನ್ನು ಸಾಕುವವರು ಯಾರು? ಆ ಪ್ರಶ್ನೆಗೆ ಉತ್ತರ ರೆಡಿ ಮಾಡಿಕೊಂಡು ಒಬ್ಬ ಕಾಯುತ್ತಿದ್ದ. ಸಮ್ನಿಯಂಗ್‌ಳ ತಮ್ಮ ಪ್ರಜ್ವಾಪ್. ಅವನ ಹತ್ತಿರ ನಾಲ್ಕು ಕೋತಿಗಳಿದ್ದವು, ನಾಲ್ಕೂ ಬಡಕಲು, ನಾಲ್ಕೂ ಕಚ್ಚುತ್ತಿದ್ದವು. ಕೈಯಲ್ಲಿ ಯಾವಾಗಲೂ ಒಂದು ಬೆತ್ತ.

"ಭಾವ, ನೀವು ಯೋಚ್ನೆ ಮಾಡ್ಬೇಡಿ," ಅಂತ ಮೊದಲ ವಾರವೇ ಬಂದು ಹೇಳಿದ. "ಪಲಾತ್‌ನ ನಾನು ಮಗನ ಥರ ನೋಡ್ಕೋತೀನಿ."

"ನಿನ್ನ ಮಗ ಮನೆ ಬಿಟ್ಟು ಓಡಿಹೋಗಿ ಎಷ್ಟು ವರ್ಷ ಆಯ್ತೋ?" ಅಂದಳು ಅಕ್ಕ.

ಪಲಾತ್‌ನನ್ನು ಹಿತ್ತಿಲ ರಂಬುಟಾನ್ ಮರಕ್ಕೆ ಕಟ್ಟಿದರು. ಸಮ್ನಿಯಂಗ್ ಊಟ ಹಾಕುತ್ತಿದ್ದಳು. ವಿಚಿಯನ್ ದೂರದ ಕಿಟಕಿಯಿಂದ ನೋಡುತ್ತಿದ್ದ. ಎಂಟು ದಿನ ಪಲಾತ್ ಕಿಟಕಿ ಕಡೆ ಮುಖ ಮಾಡಿ ಕೂತ. ಒಂಬತ್ತನೇ ದಿನ ಬೆನ್ನು ತಿರುಗಿಸಿಬಿಟ್ಟ.

"ನೋಡೇ, ಕೋಪ ಮಾಡ್ಕೊಂಡಿದ್ದಾನೆ," ಅಂದ ವಿಚಿಯನ್.

"ನನಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ ಇಷ್ಟು ಒದ್ದಾಡಿರ್ಲಿಲ್ಲ ನೀವು."

"ನೀನು ಬೆನ್ನು ತಿರುಗಿಸಿರ್ಲಿಲ್ಲವಲ್ಲ."

ಈಗ ವಿಚಿಯನ್‌ನ ತಲೆಯೊಳಗೆ ಏನು ನಡೆಯುತ್ತಿತ್ತು ಅಂತ ಸ್ವಲ್ಪ ಕೇಳಿ. ದಿನಾ ಕನ್ನಡಿ ಮುಂದೆ ನಿಂತು ಬ್ಯಾಂಡೇಜ್ ನೋಡುತ್ತಿದ್ದ. ಒಳಗೆ ಮಾಂಸ ಬಟ್ಟೆಯನ್ನು ಹಿಡಿದಿದೆಯೋ ಇಲ್ಲವೋ? ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಗ್ಗ ಆದರೆ ಗಂಟು ಕಾಣುತ್ತೆ, ಕಂಬ ಆದರೆ ಅಲ್ಲಾಡಿಸಿ ನೋಡಬಹುದು. ಇದನ್ನು ಅಲ್ಲಾಡಿಸುವ ಹಾಗಿಲ್ಲ, ಅಲ್ಲಾಡಿಸದೆ ತಿಳಿಯುವ ಹಾಗಿಲ್ಲ. ಆರನೇ ವಾರ ನರ್ಸ್ ಬಂದು "ಹಿಡಿದಿಲ್ಲ" ಅಂದುಬಿಟ್ಟರೆ? ಸೀನು ಬಂದರೂ ಹೊಟ್ಟೆ ಅಮುಕಿಕೊಂಡು ಸೀನುತ್ತಿದ್ದ. ಪ್ರಿಯವಾದ ಮೀನಿನ ಸಾರು ಬಿಟ್ಟ, ಉಪ್ಪು ಬಿಟ್ಟ, ಎಡಗಡೆ ಮಗ್ಗುಲು ಮಲಗುವುದನ್ನು ಬಿಟ್ಟ. ಅನುಮಾನ ಮಾತ್ರ ಬಿಡಲಿಲ್ಲ.

ನಾಲ್ಕನೇ ವಾರ ಒಂದು ಮಧ್ಯಾಹ್ನ ಸಮ್ನಿಯಂಗ್ ಸಂತೆಗೆ ಹೋಗಿದ್ದಾಗ ಅವನಿಗೆ ಹೊಳೆಯಿತು. ತೊಟ್ಟು ಹಿಡಿದಿದೆಯೋ ಇಲ್ಲವೋ ಅಂತ ಎಳೆಯದೆ ಹೇಳಬಲ್ಲವನು ಇಡೀ ಸಿಚೊನ್‌ನಲ್ಲಿ ಒಬ್ಬನೇ ಇದ್ದಾನೆ. ಅವನು ರಂಬುಟಾನ್ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದಾನೆ!

ಹುಚ್ಚು ಅನ್ನುತ್ತೀರಿ. ನಾನೂ ಹಾಗೇ ಅಂದೆ. ಆದರೆ ಅವನ ಲೆಕ್ಕ ನೋಡಿ: ಡಾಕ್ಟರು ನೂರು ನಳಿಕೆ ಇಟ್ಟಿರಬಹುದು, ಪಲಾತ್ ಒಂದು ಲಕ್ಷ ತೊಟ್ಟು ಮುಟ್ಟಿ ನೋಡಿದ್ದಾನೆ.

ವಿಚಿಯನ್ ಕೈಗೆ ಸೋಪು ಹಚ್ಚಿ ತೊಳೆದ. ಪಲಾತ್‌ನ ಕೈಗಳಿಗೂ ಹಚ್ಚಿ ತೊಳೆದ, ನರ್ಸ್ ಹೇಳಿಕೊಟ್ಟ ಹಾಗೆ ಬೆರಳು ಸಂದಿಯನ್ನೂ ಬಿಡದೆ. ನಳಿಕೆಯ ಬುಡವನ್ನು ತನ್ನ ಎರಡು ಬೆರಳಲ್ಲಿ ಒತ್ತಿ ಹಿಡಿದು ಅಂಗಿ ಎತ್ತಿದ. ಪಲಾತ್ ಮೊದಲು ಅವನ ಮುಖ ನೋಡಿದ, ಆಮೇಲೆ ನಳಿಕೆ ನೋಡಿದ, ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು, ಅಷ್ಟೇ, ತಿರುಗಿಸಿದ. ಆಮೇಲೆ ನಳಿಕೆ ಬಿಟ್ಟು, ಮೂತಿ ಸೊಟ್ಟ ಮಾಡಿ, ಪಕ್ಕದಲ್ಲಿ ಬಿದ್ದಿದ್ದ ರಂಬುಟಾನ್ ಸಿಪ್ಪೆಯ ಕಡೆಗೆ ಹೋದ.

ಎಳೆಕಾಯಿ! ಬೀಳುವುದಿಲ್ಲ!

ಆ ಸಂಜೆ ವಿಚಿಯನ್ ಹಾಡು ಗುನುಗಿದ್ದನ್ನು ಕೇಳಿ ಸಮ್ನಿಯಂಗ್‌ಗೆ ಗಾಬರಿಯಾಯಿತು. ಬ್ಯಾಂಡೇಜ್ ಬದಲಿಸುವಾಗ ಸಾಸಿವೆ ಗಾತ್ರದ ರಕ್ತದ ಕಲೆ ಕಂಡಳು.

"ಇದೇನಿದು?"

"ಸೊಳ್ಳೆ."

"ಬ್ಯಾಂಡೇಜ್ ಒಳಗೆ?"

"ಈ ಊರಿನ ಸೊಳ್ಳೆಗಳು ನಿನ್ನ ತಮ್ಮನ ಥರ, ಎಲ್ಲಿ ಬೇಕಾದ್ರೂ ನುಗ್ಗುತ್ವೆ."

ತೀರ್ಪು ಒಂದು ಸಲ ಸಿಕ್ಕಿದರೆ ಸಾಕಾಗುತ್ತದೆಯೇ? ಐದನೇ ವಾರ ಮತ್ತೆ ಅನುಮಾನ, ಮತ್ತೆ ಸೋಪು, ಮತ್ತೆ ಕಾಲು ಸುತ್ತು. ಎಳೆಕಾಯಿ. ರಕ್ತ ಬರಲಿಲ್ಲ.

ಆರನೇ ವಾರ ಸುಪಾವದಿ ಬಂದಳು, ಸ್ಕೂಟರಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು. ಸಮ್ನಿಯಂಗ್ ಮೂರು ದಿನ ನೆಲ ಉಜ್ಜಿದ್ದಳು. ಔಷಧದ ನೀರಿನ ದೊಡ್ಡ ಚೀಲವನ್ನು ಕೊಕ್ಕೆಗೆ ನೇತುಹಾಕಿದ್ದಳು. ನರ್ಸ್ ಗಾಯ ನೋಡಿದಳು, ಒತ್ತಿದಳು, ಮೂಸಿದಳು. ಅವಳ ಮುಖ ಅರಳಿತು.

"ಅದ್ಭುತವಾಗಿ ಕೂಡ್ಕೊಂಡಿದೆ ದೊಡ್ಡಪ್ಪ. ನಮ್ಮ ಡಾಕ್ಟರಿಗೆ ಫೋಟೋ ತೋರಿಸ್ತೀನಿ. ಕೋತಿ?"

"ದೂರ ಇದೆ," ಅಂದರು ಗಂಡ ಹೆಂಡತಿ ಒಟ್ಟಿಗೆ.

ಅಷ್ಟರಲ್ಲಿ ಪ್ರಜ್ವಾಪ್ ಪಿಕಪ್ ತಂದು ಹಿತ್ತಿಲಲ್ಲಿ ನಿಲ್ಲಿಸಿದ್ದ. ನರ್ಸ್ ಹೇಗೂ ಮನೆ ಚಿಕಿತ್ಸೆ ಬೇಡ ಅನ್ನುತ್ತಾಳೆ, ಕೋತಿಯನ್ನು ಮೊದಲೇ ಹತ್ತಿಸಿಬಿಡೋಣ ಅಂತ ಅವನ ಲೆಕ್ಕ. ಹಗ್ಗ ಬಿಚ್ಚಿದ. ಪಲಾತ್ ಅವನ ಬೆತ್ತ ನೋಡಿದ, ಅವನ ಕೈ ಕಚ್ಚಿದ, ಒಂದೇ ನೆಗೆತಕ್ಕೆ ಕಿಟಕಿಯೊಳಗೆ ಬಂದು ವಿಚಿಯನ್‌ನ ತೊಡೆ ಮೇಲೆ ಕೂತ.

"ಯಾರೂ ಅಲ್ಲಾಡ್ಬೇಡಿ," ಅಂದ ವಿಚಿಯನ್, ತುಟಿ ಅಲ್ಲಾಡಿಸದೆ. "ಕಿರುಚ್ಬೇಡಿ. ಯಾರು ಕಿರುಚಿದ್ರೂ ಅವನಿಗೆ ಅದು ತಿರುಗ್ಸು ಅಂತ."

ಅದೇ ಕ್ಷಣ ಪ್ರಜ್ವಾಪ್ ಬಾಗಿಲಲ್ಲಿ ಕಾಣಿಸಿಕೊಂಡು, ಕಚ್ಚಿಸಿಕೊಂಡ ಕೈ ಹಿಡಿದು, ಬಾಯಿ ಅಗಲ ತೆರೆದ. ಸಮ್ನಿಯಂಗ್ ನರ್ಸ್‌ಗೆ ಅಂತ ಇಟ್ಟಿದ್ದ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬಿನ ಪೊಟ್ಟಣವನ್ನು ಎಲೆಸಮೇತ ತಮ್ಮನ ಬಾಯಿಗೆ ತುರುಕಿದಳು.

ಪಲಾತ್ ವಿಚಿಯನ್‌ನ ಗಲ್ಲ ಮುಟ್ಟಿದ. ಆಮೇಲೆ ಬಹಳ ರೂಢಿಯಾದ ಕೆಲಸದ ಹಾಗೆ, ಡಾಕ್ಟರು ರೌಂಡ್ಸ್‌ಗೆ ಬಂದ ಹಾಗೆ, ಅಂಗಿ ಎತ್ತಿದ, ನಳಿಕೆಯನ್ನು ಎರಡು ಬೆರಳಲ್ಲಿ ಹಿಡಿದ, ಕಾಲು ಸುತ್ತು ತಿರುಗಿಸಿದ, ಬಿಟ್ಟ. ಅಂಗಿಯನ್ನು ಕೆಳಗೆ ಎಳೆದು ಸರಿಮಾಡಿದ. ತಲೆ ಎತ್ತಿದ. ಕೊಕ್ಕೆಯಲ್ಲಿ ಔಷಧದ ಚೀಲ ದುಂಡಗೆ, ತುಂಬಿಕೊಂಡು, ನೇತಾಡುತ್ತಿತ್ತು.

ಮುಂದಿನದು ನಿಮಗೆ ಗೊತ್ತೇ ಇದೆ. ಗಿರಗಿರ, ಧಡ್! ಎರಡು ಲೀಟರ್ ನೀರು ಸಮ್ನಿಯಂಗ್ ಮೂರು ದಿನ ಉಜ್ಜಿದ ನೆಲದ ತುಂಬಾ. ಪಲಾತ್ ಕೊಕ್ಕೆ ಹಿಡಿದುಕೊಂಡು ಕೆಳಗೆ ನೋಡುತ್ತಾ ಶಹಬ್ಬಾಸ್‌ಗಿರಿಗೆ ಕಾದ.

ಸುಪಾವದಿ ಒದ್ದೆ ಬೂಟಿನಲ್ಲೇ ಬಂದು ಮತ್ತೊಮ್ಮೆ ಗಾಯ ನೋಡಿದಳು. ಒಂದು ತೊಟ್ಟು ರಕ್ತ ಇಲ್ಲ. ನಳಿಕೆ ಒಂದು ಕೂದಲೆಳೆ ಸರಿದಿಲ್ಲ. ನಿಟ್ಟುಸಿರು ಬಿಟ್ಟು ಸೀದಾ ನಿಂತಳು.

"ದೊಡ್ಡಪ್ಪ, ಇವನಿಗೆ ಪೈಪು ಎಲ್ಲಿದೆ ಅಂತ ಹೇಗೆ ಗೊತ್ತು?"

ವಿಚಿಯನ್ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

"ಇದಕ್ಕೆ ಮುಂಚೆ ಮುಟ್ಟಿದ್ದಾನಾ? ನಿಜ ಹೇಳಿ. ಇಲ್ಲ ಅಂದ್ರೆ ಇಲ್ಲ ಅಂತ ಬರ್ಕೋತೀನಿ, ಮತ್ತೆ ಕೇಳಲ್ಲ."

ಬಾಗಿಲಲ್ಲಿ ಪ್ರಜ್ವಾಪ್ ಅಂಟಕ್ಕಿ ಅಗಿಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದ. ಸಮ್ನಿಯಂಗ್ ಗಂಡನಿಗೆ ಕಣ್ಸನ್ನೆ ಮಾಡಿದಳು, ಇಲ್ಲ ಅನ್ನಿ ಅಂತ. "ಇಲ್ಲ" ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಹುಡುಗಿ ತನ್ನ ಗಾಯ ನೋಡಿ, ಅವಳದೇ ಗಾಯ ವಾಸಿಯಾದ ಹಾಗೆ ನಕ್ಕಿದ್ದಳು. ಅವಳ ಮುಂದೆ ಸುಳ್ಳು ಹೇಳಲು ವಿಚಿಯನ್‌ಗೆ ಮನಸ್ಸಾಗಲಿಲ್ಲ.

"ಎರಡು ಸಲ," ಅಂದ. "ನಾಲ್ಕನೇ ವಾರ, ಐದನೇ ವಾರ. ನಾನೇ ಕರ್ಕೊಂಡು ತೋರಿಸ್ದೆ. ಹಿಡಿದಿದ್ಯೋ ಇಲ್ವೋ ಅಂತ."

"ಕೋತಿ ಕೈಲಿ?"

"ಸೋಪು ಹಾಕಿ ತೊಳೆದಿದ್ದೆ ಮಗಳೇ. ನೀನು ಹೇಳ್ಕೊಟ್ಟ ಹಾಗೆ."

"ಸೊಳ್ಳೆ ಅಂದ್ರಲ್ಲ ನನಗೆ!" ಅಂತ ಸಮ್ನಿಯಂಗ್ ಗುಡುಗಿದಳು.

ಸುಪಾವದಿ ಬೈದಳು. ಹೇಗೆ ಬೈದಳು ಅಂದರೆ ಪಲಾತ್ ಕೂಡ ಕೊಕ್ಕೆಯಿಂದ ಇಳಿದು ವಿಚಿಯನ್‌ನ ಬೆನ್ನ ಹಿಂದೆ ಅವಿತುಕೊಂಡ. "ಉಳಿದಿದ್ದು ಅದೃಷ್ಟ, ಗೊತ್ತಾ? ನಾಲ್ಕನೇ ವಾರ ಅವನು ಅರ್ಧ ಸುತ್ತು ಜಾಸ್ತಿ ತಿರುಗ್ಸಿದ್ದಿದ್ರೆ ಇವತ್ತು ನೀವು ಕೀವು ತುಂಬ್ಕೊಂಡು ವಾರ್ಡಿನಲ್ಲಿ ಇರ್ತಿದ್ರಿ. ನನಗೆ ಫೋನ್ ಮಾಡೋಕೆ ಆಗ್ತಿರ್ಲಿಲ್ವಾ?"

"ಫೋನಲ್ಲಿ ನೀನು 'ಹಿಡ್ಕೊಂಡಿದೆ' ಅಂತಿದ್ದೆ. ನೀನು ಮುಟ್ಟಿ ನೋಡಿರ್ತಿರ್ಲಿಲ್ಲ."

ಅವಳು ಕೂತು ಕಾಗದ ತೆಗೆದಳು. ಪ್ರಜ್ವಾಪ್ ಹಗ್ಗದ ಸುರುಳಿ ಬಿಚ್ಚತೊಡಗಿದ. ಅವಳು ಒಮ್ಮೆ ಹಗ್ಗ ನೋಡಿದಳು, ಬೆತ್ತ ನೋಡಿದಳು, ಒಮ್ಮೆ ವಿಚಿಯನ್‌ನ ಹೆಗಲ ಮೇಲಿಂದ ಇಣುಕುತ್ತಿದ್ದ ಕಂದು ಮೂತಿ ನೋಡಿದಳು. ಬರೆದಳು: ಮೂರು ತಿಂಗಳು ಮನೆ ಚಿಕಿತ್ಸೆ. ತಿಂಗಳಿಗೊಮ್ಮೆ ತಾನು ಬಂದು ನೋಡುವುದು. ನೀರು ಬದಲಿಸುವ ಕೋಣೆಯ ಕಿಟಕಿಗೆ ಇದೇ ವಾರ ಜಾಲರಿ. ಕೋತಿಯ ಹಗ್ಗ ದೊಡ್ಡಮ್ಮನ ಕೈಯಲ್ಲಿ. ಒಂದೇ ಒಂದು ಸಲ ನಿಯಮ ಮುರಿದರೆ ಮೆಷಿನ್ನು. ರುಜು ಹಾಕಿ ಎದ್ದಳು.

"ಹಾಗಾದ್ರೆ ಕೋತಿ?" ಅಂದ ಪ್ರಜ್ವಾಪ್.

"ನಿಮ್ಮ ಕೈಗೆ ಇಂಜೆಕ್ಷನ್ ಬೇಕು," ಅಂದಳು ಸುಪಾವದಿ. "ಬನ್ನಿ, ಸ್ಕೂಟರ್ ಹತ್ತಿ."

ನರ್ಸ್‌ಗಳ ಕೋಣೆಯಲ್ಲಿ ಆ ಕಾಗದದ ಮೇಲೆ ಇನ್ನೂ ಜಗಳ ನಡೆಯುತ್ತಿದೆಯಂತೆ. ಒಬ್ಬರು ಅವಳು ಮಾಡಿದ್ದು ಶುದ್ಧ ತಪ್ಪು, ಆ ಮುದುಕನನ್ನು ನಂಬಲೇಬಾರದಿತ್ತು ಅನ್ನುತ್ತಾರೆ. ಇನ್ನೊಬ್ಬರು, ಸುಳ್ಳು ಹೇಳಲು ದಾರಿ ಇದ್ದೂ ನಿಜ ಹೇಳಿದವನನ್ನಲ್ಲದೆ ಇನ್ನಾರನ್ನು ನಂಬುವುದು ಅನ್ನುತ್ತಾರೆ. ಆ ಒದ್ದೆ ನೆಲದ ಮೇಲೆ, ಆ ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಏನು ಬರೆಯುತ್ತಿದ್ದಿರಿ?