ಮುಷ್ಟಿಯ ಅಳತೆ

ಅಳತೆಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಟೈಲರಮ್ಮನ ನಂಬಿಕೆ. ಹದಿನೆಂಟು ವರ್ಷ ಹೊಲಿಗೆ ಮೆಷೀನು ತುಳಿದವಳು ಅವಳು. ಎದುರಿಗೆ ಬಂದವರ ಭುಜ ನೋಡಿಯೇ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಹೇಳಿಬಿಡುತ್ತಿದ್ದಳು. ಅಂಥವಳು ಈಗ ಒಂದು ಕಾಲುಚೀಲದ ಮುಂದೆ ಸೋತು ಕೂತಿದ್ದಳು. ಒಂದು ಜೊತೆಯೂ ಅಲ್ಲ, ಒಂದೇ ಒಂದು ಚೀಲ! ಎರಡು ಸಲ ಹೆಣೆದು, ಎರಡು ಸಲವೂ ಬಿಚ್ಚಿ, ಮೂರನೆಯ ಸಲ ಹಿಮ್ಮಡಿ ತಿರುಗಿಸುತ್ತಿದ್ದಳು. ತಲೆ ಚಿಟ್ಟು ಹಿಡಿದುಹೋಗಿತ್ತು.

ಬಿಟ್ಟುಬಿಡುವ ಹಾಗೂ ಇರಲಿಲ್ಲ. ಗಂಡನಿಗೆ ಶೀತಲಗೃಹದಲ್ಲಿ ಕೆಲಸ. ಗೋಡೆಗೆಲ್ಲ ಮಂಜು ಹಿಡಿದ ಒಳಕೋಣೆಯಲ್ಲಿ ಹಸಿಬಟಾಣಿಯ ಪೆಟ್ಟಿಗೆಗಳನ್ನು ದಿನವಿಡೀ ಜೋಡಿಸುವುದು. ಜೊತೆಯವರು ಅವನನ್ನು ಐಸಪ್ಪ ಎಂದು ಕರೆದರು, ಆ ಹೆಸರೇ ನಿಂತುಬಿಟ್ಟಿತು. ಹೋದ ತಿಂಗಳು ಐಸಪ್ಪನ ಎಡಗಾಲಿನ ಕಿರುಬೆರಳು ಬೆಳ್ಳಗಾಗಿ ಮರಗಟ್ಟಿತ್ತು. "ಇನ್ನೊಂದ್ಸಲ ಚಳಿ ಹೊಡೆದ್ರೆ ಬೆರಳು ಉಳಿಯಲ್ಲ. ಕಾಲು ಬೆಚ್ಚಗಿರ್ಲಿ, ವಾರಕ್ಕೊಂದ್ಸಲ ಬಂದು ತೋರಿಸಿ" ಎಂದಿದ್ದರು ಡಾಕ್ಟರು. ಐಸಪ್ಪ ಪ್ರತಿ ಶನಿವಾರ ಹೋಗಿ ಬಂದು, "ಎಲ್ಲ ಸರಿ ಇದೆಯಂತೆ" ಎನ್ನುತ್ತಿದ್ದ.

ಅಂಗಡಿಯ ಕಾಲುಚೀಲಗಳು ಆ ಚಳಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಒಳಗೆಲ್ಲ ಉಣ್ಣೆ ತುಂಬಿದ ಚೀಲ ಹೆಣೆಯುವುದು ಗೊತ್ತಿದ್ದದ್ದು ಅತ್ತೆಗೆ. ಆದರೆ ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ನಾಲ್ಕು ವರ್ಷವಾಗಿತ್ತು. ಹೀಗಾಗಿ ಕೈ ಸೊಸೆಯದು, ಬಾಯಿ ಅತ್ತೆಯದು. ಆ ಬಾಯಿಗೆ ಮಾತ್ರ ಯಾವ ವಾತವೂ ಬಡಿದಿರಲಿಲ್ಲ.

"ಹಂಜಿ ಅಷ್ಟು ದಪ್ಪ ಹಾಕ್ತಾರೇನೇ? ಕಾಲು ಎಲ್ಲಿಡ್ತಾನೆ, ತಲೆ ಮೇಲಾ?"

ಹಂಜಿ ಎಂದರೆ ನೂಲದೆ ಬಿಟ್ಟ ಮೆತ್ತನೆಯ ಉಣ್ಣೆ. ಕಿರುಬೆರಳುದ್ದ ಕಿತ್ತು, ಮಡಚಿ, ಪ್ರತಿ ಆರನೆಯ ಕುಣಿಕೆಯಲ್ಲಿ ನೂಲಿನ ಜೊತೆ ಸೇರಿಸಿ ಹೆಣೆಯಬೇಕು. ಹೊರಗೆ ಅಕ್ಕಿಕಾಳಿನಷ್ಟು ಕಾಣುತ್ತದೆ. ಒಳಗೆ ಕುರಿಯ ಮೈಯೇ. ಒಂದು ಚೀಲಕ್ಕೆ ಇನ್ನೂರು ಹಂಜಿ. ಬಿಚ್ಚುವಾಗ ಆ ಇನ್ನೂರನ್ನೂ ಒಂದೊಂದಾಗಿ ಕೀಳಬೇಕು. ಮೂಗಿಗೆ, ಬಾಯಿಗೆ, ಕುಡಿಯುವ ಚಹಾಕ್ಕೆ ಎಲ್ಲಕ್ಕೂ ಉಣ್ಣೆಯೇ.

ಅಳತೆಗೇ ಮೊದಲ ಜಗಳ ಹತ್ತಿದ್ದು. ಟೈಲರಮ್ಮ ಟೇಪು ತಂದಳು. ಅತ್ತೆ ನಕ್ಕುಬಿಟ್ಟರು. "ಟೇಪ್ಯಾಕೆ? ಚೀಲದ ಅಂಗಾಲನ್ನ ಮುಷ್ಟಿಗೆ ಸುತ್ತು. ಹಿಮ್ಮಡಿ, ತುದಿ ಎರಡೂ ಬಂದು ಮುಟ್ಟಿದ್ರೆ ಕಾಲಿಗೆ ಸರಿ. ಒಳಗೆ ಹಂಜಿ ಇದ್ರೆ ಒಂದು ಬೆರಳು ಹೆಚ್ಚಿಗೆ ಬಿಡು, ಅಷ್ಟೇ. ಅವರಪ್ಪನಿಗೆ ಮೂವತ್ತು ವರ್ಷ ಹಾಗೇ ಹೆಣೆದಿದ್ದೀನಿ."

"ಅದೆಲ್ಲ ಹಳೇ ಕಾಲದ ಅಂದಾಜು ಅತ್ತೆ," ಎಂದು ಟೈಲರಮ್ಮ ಗಂಡನ ಹಳೆಯ ಬೂಟಿನೊಳಗೆ ಟೇಪು ಬಿಟ್ಟು ಅಳೆದಳು. ಐಸಪ್ಪ ಕಾಲು ಮುಟ್ಟಿಸಿಕೊಳ್ಳುವ ಆಸಾಮಿಯಲ್ಲ, ಮದುವೆಯಾದಾಗಿನಿಂದಲೂ ಅವನದು ಅದೇ ಸಂಕೋಚ. ಹೆಣೆದು ಮುಗಿಸಿ ಕೊಟ್ಟರೆ ಚೀಲ ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಹೊರಗೆ ಬಂದು, "ಬಿಗಿ ಕಣೇ" ಎಂದ.

ಅತ್ತೆಗೆ ಅಷ್ಟು ಸಾಕಾಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಎರಡನೆಯ ಸಲ ನಾಲ್ಕು ಕುಣಿಕೆ ಹೆಚ್ಚಿಗೆ ಹಾಕಿದಳು. ಬಚ್ಚಲು, ಚಿಲಕ, "ಸ್ವಲ್ಪ ಹಿಡಿಯತ್ತೆ." ಅವಳ ಹೊಲಿಗೆ ಅಂಗಡಿಯಲ್ಲಿ ಎರಡು ಕೋಟು, ಒಂದು ಪರದೆ ಹೊಲಿಯದೆ ಬಿದ್ದಿದ್ದವು. ಗಿರಾಕಿಗಳು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ಇವಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದಳು.

ಮೂರನೆಯದಕ್ಕೆ ಇನ್ನೂ ನಾಲ್ಕು ಕುಣಿಕೆ ಏರಿಸಿದಳು. ಭಾನುವಾರ ಮಧ್ಯಾಹ್ನ ತುದಿ ಮುಚ್ಚಿ, ನೂಲು ಕತ್ತರಿಸಿ ಗಂಡನ ಕೈಗಿಟ್ಟಳು. ಬಚ್ಚಲಿನ ಚಿಲಕ ಬಿತ್ತು. ಬಹಳ ಹೊತ್ತಿಗೆ ತೆಗೆಯಿತು. ಹೊರಗೆ ಬಂದವನ ಮುಖ ಬೆವೆತಿತ್ತು.

"ಹತ್ತಲಿಲ್ಲ."

ಟೈಲರಮ್ಮ ಹೆಣಿಗೆಯ ಕಡ್ಡಿಗಳನ್ನು ಗೋಡೆಗೆ ಬೀಸಿ ಒಗೆದಳು. "ಸಾಕಪ್ಪಾ ಸಾಕು! ಆನೆ ಕಾಲಿಗೂ ಆಗುತ್ತೆ ಅದು! ನೀವೂ ಬೇಡ, ನಿಮ್ಮ ಕಾಲೂ ಬೇಡ. ಗೋಣಿಚೀಲ ಸುತ್ಕೊಂಡು ಹೋಗಿ ಕೆಲಸಕ್ಕೆ!" ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಐದು ವಾರ ಸವೆಸಿದ್ದಳು ಇದಕ್ಕೆ.

ಅತ್ತೆ ಬೈಯುತ್ತಾರೆಂದು ಕಾದಳು. ಅತ್ತೆ ಬೈಯಲಿಲ್ಲ.

"ಕೊಡು ಇಲ್ಲಿ ಆ ಚೀಲ. ಲೋ, ಮುಷ್ಟಿ ಚಾಚು."

ಐಸಪ್ಪ ಚಾಚಿದ. ಅತ್ತೆ ಸೊಟ್ಟ ಬೆರಳುಗಳಲ್ಲೇ ಚೀಲದ ಅಂಗಾಲನ್ನು ಅವನ ಮುಷ್ಟಿಗೆ ಸುತ್ತಿದರು. ಹಿಮ್ಮಡಿ ಬಂದು ತುದಿಯನ್ನು ಮುಟ್ಟಿತು. ಮುಟ್ಟಿ, ಮೂರು ಬೆರಳು ಮುಂದಕ್ಕೂ ಹೋಯಿತು.

"ಬಲಗಾಲಿಗೆ ಹಾಕ್ಕೋ. ಇಲ್ಲೇ, ನಮ್ಮೆದುರಿಗೆ."

ಬಲಗಾಲಿಗೆ ಸಲೀಸಾಗಿ ಹತ್ತಿತು. ಇನ್ನೂ ಸಡಿಲವೇ ಆಯಿತು.

"ಈಗ ಎಡಗಾಲು."

"ನೀರು ಕುಡ್ಕೊಂಡು ಬರ್ತೀನಮ್ಮ..."

"ಲೋ! ನಿನ್ನ ಮುಷ್ಟಿ ಸುಳ್ಳು ಹೇಳಲ್ಲ. ಕಾಲು ಹೇಳ್ತಾ ಇದೆ. ತೆಗಿ ಆ ಹಳೇ ಚೀಲಾನ."

ಅವನು ತೆಗೆಯಲಿಲ್ಲ. ಟೈಲರಮ್ಮ ನೆಲಕ್ಕೆ ಕೂತು, ಅವನು ಬೇಡ ಬೇಡ ಎನ್ನುತ್ತಿದ್ದರೂ, ಹಳೆಯ ಚೀಲವನ್ನು ಎಳೆದಳು. ಒಳಗೆ ಅವಳ ಅಂಗಡಿಯ ಚಿಂದಿಬಟ್ಟೆಯ ಪಟ್ಟಿ. ಅದನ್ನೂ ಬಿಚ್ಚಿದಳು. ಕಿರುಬೆರಳು ಕಪ್ಪಗಾಗಿತ್ತು. ಪಾದ ಹರಳೆಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತ ಹಿಮ್ಮಡಿಯವರೆಗೂ ಊದಿತ್ತು.

ಅವಳು ಮೊದಲ ಸಲ ಅಳೆದದ್ದು ಸರಿಯಾಗಿಯೇ ಇತ್ತು. ಎರಡನೆಯದೂ ಮೂರನೆಯದೂ ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಅವಳು ಕುಣಿಕೆ ಏರಿಸಿದ ಹಾಗೆಲ್ಲ ಇತ್ತ ಕಾಲು ಏರುತ್ತಿತ್ತು.

"ಡಾಕ್ಟರು ಏನಂದ್ರು?" ಎಂದಳು.

"ನಾನು ಹೋಗೇ ಇಲ್ಲ ಕಣೇ." ಅಷ್ಟು ದೊಡ್ಡ ಗಂಡಸು ನೆಲ ನೋಡುತ್ತ ಹೇಳಿದ. "ತೋರಿಸಿದ್ರೆ ಕತ್ತರಿಸ್ತಾರೆ. ನೀನು ಹೆಣೀತಿದ್ಯಲ್ಲ, ಬೆಚ್ಚಗಾದ್ರೆ ವಾಸಿಯಾಗತ್ತೆ ಅಂದ್ಕೊಂಡೆ."

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ! ಶನಿವಾರ ಶನಿವಾರ ಎಲ್ಲಿಗ್ರೀ ಹೋಗ್ತಿದ್ರಿ?"

"ಬಸ್‌ಸ್ಟಾಂಡಲ್ಲಿ ಕೂತಿರ್ತಿದ್ದೆ."

ಹೊಡೆಯಬೇಕೆನ್ನಿಸಿತು ಅವಳಿಗೆ. ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಹೊರಗೆ ಕೊರೆಯುವ ಗಾಳಿ, ಆ ಕಾಲು ಯಾವ ಬೂಟಿಗೂ ಹೋಗುವುದಿಲ್ಲ. ಅವಳು ಮೆಷೀನಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡು, ಬಲಗಾಲಿನ ಹೊಸ ಚೀಲ ಕಳಚಿ, ಅದರ ಬಾಯಿಂದ ಬೆರಳಿನ ತುದಿಯವರೆಗೂ ಮೇಲ್ಭಾಗವನ್ನು ಒಂದೇ ಉಸಿರಿಗೆ ಸೀಳಿದಳು. ಕುಣಿಕೆಗಳು ಸರಸರನೆ ಬಿಚ್ಚತೊಡಗಿದವು. ಅತ್ತೆ ಆ ಅಂಚುಗಳನ್ನು ತಮ್ಮ ಸೊಟ್ಟ ಬೆರಳುಗಳಲ್ಲಿ ಒತ್ತಿ ಹಿಡಿದುಕೊಂಡರು. "ಕತ್ತರಿಸು, ಪೂರ್ತಿ ಕತ್ತರಿಸು" ಎಂದರು. ಊದಿದ ಪಾದವನ್ನು ಉಣ್ಣೆಯೊಳಗಿಟ್ಟು, ಮೇಲೊಂದು ಪಟ್ಟಿ ಸಡಿಲವಾಗಿ ಸುತ್ತಿ, ಬಾಡಿಗೆ ಗಾಡಿ ಹಿಡಿದು ಮೂವರೂ ಆಸ್ಪತ್ರೆಗೆ ಓಡಿದರು.

ಡಾಕ್ಟರಿಗೂ ಸಿಟ್ಟು ನೆತ್ತಿಗೇರಿತು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ್ಕೊಂಡಿದ್ದೀರಲ್ರೀ! ಇನ್ನೆರಡು ದಿನ ಕಳೆದಿದ್ರೆ ಪಾದಾನೇ ಹೋಗ್ತಿತ್ತು." ಆ ಸಂಜೆಯೇ ಕಿರುಬೆರಳನ್ನು ತೆಗೆದರು. ಪಾದ ಉಳಿಯಿತು.

ಮೂರು ವಾರಕ್ಕೆ ಊತ ಇಳಿದು, ಗಾಯ ಮಾಗಿತು. ಒಳಕೋಣೆಯ ಕೆಲಸ ತಪ್ಪಿ ಬಾಗಿಲ ಹತ್ತಿರ ಪೆಟ್ಟಿಗೆ ಎಣಿಸುವ ಕೆಲಸ ಬಂದಿತ್ತು, ಅಲ್ಲಿಯೂ ಚಳಿಗೇನೂ ಕೊರತೆಯಿರಲಿಲ್ಲ. ಟೈಲರಮ್ಮ ಗೋಡೆಯ ಬುಡದಿಂದ ಕಡ್ಡಿಗಳನ್ನು ಹೆಕ್ಕಿ ತಂದು, ಮತ್ತೆ ಮೊದಲಿನಿಂದ ಕುಣಿಕೆ ಹಾಕಲು ಕೂತಳು. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು. ಅವತ್ತು ಒಂದೂ ಕೊಂಕಿಲ್ಲ.

"ಎಡಗಾಲಿಂದಕ್ಕೆ ತುದೀಲಿ ನಾಲ್ಕು ಕುಣಿಕೆ ಕಮ್ಮಿ ಮಾಡು" ಎಂದರು ಕೊನೆಗೆ. ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು, ಹಾಳಾದ ಉಣ್ಣೆ ಎಂದು ಬೈದರು.

ಐಸಪ್ಪ ಯಾರೂ ಕೇಳದಿದ್ದರೂ ಎದ್ದು ಬಂದು ಹೆಂಡತಿಯ ಮುಂದೆ ಮುಷ್ಟಿ ಚಾಚಿದ.

"ಮುಷ್ಟಿ ಆಮೇಲೆ" ಎಂದಳು ಟೈಲರಮ್ಮ. "ಮೊದಲು ಕಾಲು ತೋರಿಸಿ."

ಅವನು ಕೂತು, ಎಡಗಾಲನ್ನು ಅವಳ ತೊಡೆಯ ಮೇಲಿಟ್ಟ.